ಹೊರಬಾಗಿಲು ನೋಡಿಕೊಂಡು ಒಳಗೆ ಹೋಗಿ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಹೋದವರು ಹೆಬ್ಬೆ ಜಲಪಾತವನ್ನು ನೋಡದೆ ಹಿಂದಿರುಗುವುದು ಅಪರೂಪ. ಸುಮಾರು 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಧುಮುಕುವ ನೀರು ಅದು. ಕಾಡಿನ ದಾರಿಯಾದ್ದರಿಂದ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಜೀಪಿನಲ್ಲಿ ಸಾಗಿ, ಕೊನೆಯ ಭಾಗವನ್ನು ಕಾಲ್ನಡಿಗೆಯಲ್ಲೇ ಕ್ರಮಿಸಬೇಕು. ಮಳೆ ಜೋರಾದರೆ ದಾರಿ ಬಂದ್. ಸುತ್ತಮುತ್ತ ಕಾಫಿ ತೋಟಗಳಿವೆ. ಆ ತೋಟಗಳ ಮನೆಗಳಲ್ಲಿ ನಾಲ್ಕಾರು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡುವ ‘ಹೋಂಸ್ಟೇ’ ಎಂಬ ಕಸುಬು ಕಳೆದ ಎರಡು ದಶಕಗಳಲ್ಲಿ ಮಲೆನಾಡಿನ ಉದ್ದಕ್ಕೂ ಬೆಳೆದಿದೆ.

ಇಂಥದೊಂದು ಮನೆಯ ಬಂಡವಾಳ ಯಾವುದು? ಕೋಣೆ, ಹಾಸಿಗೆ, ಬಿಸಿನೀರಿನ ಹಂಡೆ, ಅಕ್ಕಿ ರೊಟ್ಟಿ ತಟ್ಟುವ ಕೈ ಎಂದು ಯಾರಾದರೂ ಹೇಳಿಯಾರು. ಅದು ನಿಜವೇ. ಆದರೆ ಲೆಕ್ಕಕ್ಕೆ ಬಾರದ ಇನ್ನೊಂದು ಬಂಡವಾಳವಿದೆ. ಕಳೆದ ವರ್ಷ ಬಂದು ಸಂತೋಷದಿಂದ ಹೋದವರು ಯಾರು, ಅವರ ಊರು ಯಾವುದು, ಅವರ ಜತೆಗಿದ್ದ ಅಜ್ಜಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ಮಗುವಿಗೆ ಹಾಲು ಆಗಿಬರುತ್ತಿರಲಿಲ್ಲ ಎಂಬ ತಿಳಿವಳಿಕೆ. ಅವರು ಮತ್ತೆ ಬಂದರೆ ದಲ್ಲಾಳಿಗೆ ಕೊಡುವ ಹಣ ಉಳಿಯುತ್ತದೆ; ನಾಲ್ಕು ಜನರಿಗೆ ಹೇಳಿದರೆ ಜಾಹೀರಾತಿನ ಹಣವೂ ಉಳಿಯುತ್ತದೆ.

ಈ ತಿಳಿವಳಿಕೆ ಸಾಮಾನ್ಯವಾಗಿ ಎಲ್ಲಿರುತ್ತದೆ? ಅರ್ಧ ಮನೆಯೊಡತಿಯ ನೆನಪಿನಲ್ಲಿ, ಕಾಲು ಭಾಗ ಯಜಮಾನರ ಫೋನಿನಲ್ಲಿ, ಉಳಿದದ್ದು ಕ್ಯಾಲೆಂಡರಿನ ಹಿಂಬದಿಯಲ್ಲಿ. ಹೀಗಿರುವಾಗ ರಜೆಗೆ ಬಂದ ಮಗನಿಗೋ ಮಗಳಿಗೋ ಒಂದು ಕೆಲಸ ಬೀಳುತ್ತದೆ: ‘ನೀನು ಓದಿದವನಲ್ಲವೇ ಮಗಾ, ಇದಕ್ಕೆಲ್ಲ ದುಡ್ಡಿಲ್ಲದೆ ಸಿಗುವ ಯಾವುದಾದರೂ ಆ್ಯಪ್ ಹಾಕಿಕೊಡು.’ ಬಿ.ಕಾಂ. ಓದುತ್ತಿರುವ ಹುಡುಗಿ ಒಂದು ಸಂಜೆಯಲ್ಲಿ ಮಾಡುವ ಈ ಆಯ್ಕೆ ಮನೆಯ ಆರೇಳು ವರ್ಷಗಳ ವ್ಯವಹಾರವನ್ನು ಹೊರಬೇಕಾಗುತ್ತದೆ. ಆದ್ದರಿಂದ ಈ ಆಯ್ಕೆಯ ಹಿಂದಿನ ವಿಚಾರವನ್ನು ವಿದ್ಯಾರ್ಥಿಗಳೂ ಪೋಷಕರೂ ಒಟ್ಟಿಗೆ ಕುಳಿತು ತಿಳಿಯುವುದು ಒಳ್ಳೆಯದು.

ಕಿರ್ದಿ ಮತ್ತು ಖತಾವಣಿ

ಇಂಥ ತಂತ್ರಾಂಶಕ್ಕೆ ‘ಗ್ರಾಹಕ ಸಂಬಂಧ ನಿರ್ವಹಣೆ’ ಎಂದು ಹೆಸರು. ವ್ಯಾಪಾರದ ಮಾತಿನಲ್ಲಿ ‘ಸಿಆರ್‌ಎಂ’. ಹೆಸರು ದೊಡ್ಡದು, ವಿಷಯ ಹಳೆಯದು. ನಮ್ಮ ಅಂಗಡಿಗಳಲ್ಲಿ ಎರಡು ಪುಸ್ತಕಗಳಿದ್ದವು. ಒಂದು ಕಿರ್ದಿ: ಈ ದಿನ ಏನೇನು ನಡೆಯಿತೋ ಅದನ್ನು ನಡೆದ ಕ್ರಮದಲ್ಲೇ ಬರೆಯುವುದು. ಇನ್ನೊಂದು ಖತಾವಣಿ: ಕಿರ್ದಿಯಲ್ಲಿದ್ದುದನ್ನು ತೆಗೆದು ಒಬ್ಬೊಬ್ಬ ಗಿರಾಕಿಯ ಹೆಸರಿನ ಪುಟಕ್ಕೆ ಏರಿಸುವುದು. ಕಿರ್ದಿ ‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಹೇಳಿದರೆ, ಖತಾವಣಿ ‘ಯಾರು’ ಎಂಬ ಪ್ರಶ್ನೆಗೆ ಹೇಳುತ್ತದೆ.

ಸಿಆರ್‌ಎಂ ಎಂಬುದು ಹಣದ ಜತೆಗೆ ಮಾತುಕತೆಯನ್ನೂ ಬರೆದಿಡುವ ಖತಾವಣಿ. ಯಾರು ವಿಚಾರಿಸಿದರು, ಏನು ಕೇಳಿದರು, ಏನು ಹೇಳಿದೆವು, ಮತ್ತೆ ಯಾವಾಗ ಕರೆ ಮಾಡಬೇಕು ಎಂಬುದೆಲ್ಲ ಆ ವ್ಯಕ್ತಿಯ ಪುಟದಲ್ಲಿರುತ್ತದೆ. 1993ರಲ್ಲಿ ಅಮೆರಿಕದಲ್ಲಿ ಆರಂಭವಾದ ಸೀಬೆಲ್ ಎಂಬ ಕಂಪನಿ ಇಂಥ ತಂತ್ರಾಂಶವನ್ನು ಭಾರಿ ಸಂಸ್ಥೆಗಳಿಗೆ ಮಾರುತ್ತಿತ್ತು. 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಅದನ್ನೇ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಕೊಡತೊಡಗಿತು. ಅಂದಿನಿಂದ ಬೆಲೆ ಇಳಿಯುತ್ತ ಬಂದು, ಈಗ ಸಣ್ಣ ವ್ಯಾಪಾರಿಗೆ ಕಾಸಿಲ್ಲದೆಯೂ ಸಿಗುವ ಸ್ಥಿತಿಗೆ ತಲುಪಿದೆ.

ಒಳಗಿನ ರಚನೆ ಸರಳ. ಒಂದು ಕೋಷ್ಟಕದಲ್ಲಿ ಅತಿಥಿಗಳ ಹೆಸರು, ಫೋನ್, ಊರು. ಇನ್ನೊಂದು ಕೋಷ್ಟಕದಲ್ಲಿ ಅವರು ಬಂದುಹೋದ ದಿನಗಳು. ಪ್ರತಿ ಅತಿಥಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಎರಡನೆಯ ಕೋಷ್ಟಕದ ಪ್ರತಿ ಸಾಲಿನಲ್ಲೂ ಆ ಸಂಖ್ಯೆಯನ್ನು ಬರೆಯುತ್ತಾರೆ. ಶಾಲೆಯಲ್ಲಿ ಹಾಜರಿ ಸಂಖ್ಯೆ ಇರುವಂತೆಯೇ ಇದು. ಒಂದೇ ತರಗತಿಯಲ್ಲಿ ಮೂವರು ಮಂಜುನಾಥರಿದ್ದರೂ ಅಂಕಗಳು ಅದಲುಬದಲಾಗುವುದಿಲ್ಲವಷ್ಟೆ? ದಾವಣಗೆರೆಯ ಮಂಜುನಾಥರು ಐದು ಸಲ ಬಂದಿದ್ದರೆ ಅವರ ವಿಳಾಸವನ್ನು ಐದು ಸಲ ಬರೆಯಬೇಕಾಗಿಲ್ಲ. ವಿಳಾಸ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಉಚಿತವಾಗಿ ಏಕೆ ಕೊಡುತ್ತಾರೆ?

ಈ ಪ್ರಶ್ನೆಯನ್ನು ಪ್ರತಿ ವಿದ್ಯಾರ್ಥಿಯೂ ಕೇಳಿಕೊಳ್ಳಬೇಕು. ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಸಹಾಯಕ. ಗಣಕದಲ್ಲಿ ಇಂದು ಸಾಮಾನ್ಯವಾಗಿ ಬಳಸುವ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ‘ಹೆಬ್ಬೆ’ ಎಂಬ ಪದದಲ್ಲಿ ಹ, ಎತ್ವ, ಬ, ವಿರಾಮ ಚಿಹ್ನೆ, ಬ, ಎತ್ವ ಎಂದು 6 ಸಂಕೇತಗಳಿವೆ. ಅಂದರೆ 18 ಬೈಟ್. ಒಬ್ಬ ಅತಿಥಿಯ ವಿವರಕ್ಕೆ ಕನ್ನಡದ 100 ಸಂಕೇತಗಳು, ಅಂಕಿಗಳಿಗೆ ಇನ್ನೊಂದು 100 ಬೈಟ್ ಎಂದಿಟ್ಟುಕೊಂಡರೆ 400 ಬೈಟ್ ಆಯಿತು. 2,000 ಅತಿಥಿಗಳಿಗೆ 8 ಲಕ್ಷ ಬೈಟ್. ಫೋನಿನಲ್ಲಿ ತೆಗೆದ ಜಲಪಾತದ ಒಂದು ಚಿತ್ರವೇ ಇದಕ್ಕಿಂತ ಹೆಚ್ಚು ಜಾಗ ನುಂಗುತ್ತದೆ.

ಆದ್ದರಿಂದ ಸಣ್ಣ ವ್ಯಾಪಾರಿಯ ಪುಸ್ತಕವನ್ನು ಇಟ್ಟುಕೊಳ್ಳುವುದು ಕಂಪನಿಗೆ ಹೊರೆಯೇ ಅಲ್ಲ. ನೂರು ಜನ ಉಚಿತವಾಗಿ ಬಳಸಿ, ಅವರಲ್ಲಿ ಕೆಲವರ ವ್ಯಾಪಾರ ಬೆಳೆದು ಹಣ ಕೊಡುವ ಆವೃತ್ತಿಗೆ ಬಂದರೆ ಲಾಭ. ಇದರಲ್ಲಿ ಮೋಸವೇನೂ ಇಲ್ಲ. ಸಂತೆಯಲ್ಲಿ ಹಲಸಿನ ಒಂದು ತೊಳೆ ರುಚಿಗೆ ಕೊಡುವ ಕ್ರಮವೇ ಇದು. ಆದರೆ ಹಣ್ಣು ಹಿಡಿಸದಿದ್ದರೆ ಮುಂದಿನ ಅಂಗಡಿಗೆ ಹೋಗಬಹುದು. ಎರಡು ಸಾವಿರ ಗಿರಾಕಿಗಳ ವಿವರವನ್ನು ಒಂದು ಕಡೆ ತುಂಬಿಸಿದ ಮೇಲೆ ಹಾಗೆ ಎದ್ದುಹೋಗುವುದು ಸುಲಭವಲ್ಲ. ಉಚಿತ ತಂತ್ರಾಂಶದ ನಿಜವಾದ ಬೆಲೆ ಇರುವುದು ಅಲ್ಲೇ.

ಮೂರು ಬಗೆ

ಸಿಗುವ ಸೌಲಭ್ಯಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು, ಕಂಪನಿಗಳು ತಮ್ಮ ಗಣಕಗಳಲ್ಲೇ ನಡೆಸುವ ಸೇವೆಯ ಉಚಿತ ಆವೃತ್ತಿ. ತಮಿಳುನಾಡಿನ ಜೋಹೋ ಕಂಪನಿ 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಿಂದ ಹುಟ್ಟಿದ್ದು. ತೆಂಕಾಶಿಯ ಸಮೀಪದ ಹಳ್ಳಿಯಲ್ಲೂ ಕಚೇರಿ ನಡೆಸುತ್ತಿರುವ ಈ ಸಂಸ್ಥೆ 2005ರಲ್ಲಿ ಸಿಆರ್‌ಎಂ ಹೊರತಂದಿತು. ಮೂರು ಜನ ಬಳಸುವವರೆಗೆ ಉಚಿತ ಎಂಬುದು ಅದರ ಪರಿಚಿತ ನಿಯಮ. ಅಮೆರಿಕದ ಹಬ್‌ಸ್ಪಾಟ್ 2014ರಿಂದ ಉಚಿತ ಸಿಆರ್‌ಎಂ ಕೊಡುತ್ತಿದೆ. ಇವುಗಳಲ್ಲಿ ನಕಲು ಪ್ರತಿ ತೆಗೆದಿಡುವುದು, ದುರಸ್ತಿ, ಕಾವಲು ಎಲ್ಲ ಕಂಪನಿಯದೇ ಹೊಣೆ. ಆದರೆ ಎಷ್ಟು ಜನ ಬಳಸಬಹುದು, ಎಷ್ಟು ಹೆಸರು ಬರೆಯಬಹುದು ಎಂಬ ಮಿತಿ ಹಾಕುವುದೂ ಕಂಪನಿಯೇ. ಆ ಮಿತಿಯನ್ನು ಅದು ಯಾವಾಗ ಬೇಕಾದರೂ ಬದಲಿಸಬಹುದು.

ಎರಡನೆಯದು, ಮುಕ್ತ ತಂತ್ರಾಂಶ. ಇಲ್ಲಿ ‘ಮುಕ್ತ’ ಎಂದರೆ ಊಟದ ಜತೆಗೆ ಅಡುಗೆಯ ವಿಧಾನವನ್ನೂ ಬರೆದುಕೊಟ್ಟಂತೆ. ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮದೇ ಗಣಕದಲ್ಲಿ ನಡೆಸಬಹುದು. ಇದರ ಮಹತ್ವವನ್ನು ತೋರಿಸುವ ಒಂದು ಕಥೆಯಿದೆ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುಗರ್‌ಸಿಆರ್‌ಎಂ ಎಂಬ ಮುಕ್ತ ತಂತ್ರಾಂಶ ಆರಂಭವಾಯಿತು. ಲೋಕದ ಎಷ್ಟೋ ಸಣ್ಣ ವ್ಯಾಪಾರಿಗಳು ಅದನ್ನು ನೆಚ್ಚಿಕೊಂಡರು. ಸುಮಾರು ಹತ್ತು ವರ್ಷಗಳಲ್ಲಿ ಕಂಪನಿಯ ಮನಸ್ಸು ಬದಲಾಗಿ, ಮುಂದಿನ ಮುಖ್ಯ ಆವೃತ್ತಿಗಳನ್ನು ಮುಕ್ತವಾಗಿ ಕೊಡುವುದನ್ನು ಅದು ನಿಲ್ಲಿಸಿತು. ಸಾಧಾರಣ ಉಚಿತ ಸೇವೆಯಾಗಿದ್ದರೆ ಬಳಕೆದಾರರು ಅಲ್ಲಿಗೆ ಅನಾಥರಾಗುತ್ತಿದ್ದರು. ಹಾಗಾಗಲಿಲ್ಲ. ಹಿಂದೆ ಹೊರಬಿಟ್ಟ ಮೂಲಸಂಕೇತವನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲವಾದ್ದರಿಂದ, ಸ್ಕಾಟ್ಲೆಂಡಿನ ಸೇಲ್ಸ್‌ಅಜಿಲಿಟಿ ಎಂಬ ಸಂಸ್ಥೆ 2013ರಲ್ಲಿ ಅದನ್ನೇ ಹಿಡಿದು ಸೂಟ್‌ಸಿಆರ್‌ಎಂ ಎಂಬ ಕವಲನ್ನು ಬೆಳೆಸಿತು. ಇದಕ್ಕೂ ಮೊದಲೇ, 2004ರಲ್ಲೇ, ಅದೇ ಬುಡದಿಂದ ಒಡೆದ ಇನ್ನೊಂದು ಕವಲು ವಿಟೈಗರ್. ಬೆಂಗಳೂರಿನಲ್ಲಿ ಅದರ ಕಚೇರಿಯಿದೆ. ಒಂದೇ ಬೇರಿನಿಂದ ಮೂರು ಗಿಡ!

ಆದರೆ ಮುಕ್ತ ತಂತ್ರಾಂಶಕ್ಕೂ ಖರ್ಚಿದೆ. ಅದನ್ನು ನಡೆಸಲು ಸದಾ ಚಾಲೂ ಇರುವ ಗಣಕ ಬೇಕು, ಇಲ್ಲವೇ ತಿಂಗಳ ಬಾಡಿಗೆಗೆ ಪಡೆಯಬೇಕು. ಭದ್ರತೆಯ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಹಾಕಬೇಕು. ನಕಲು ಪ್ರತಿಯನ್ನು ತಾವೇ ತೆಗೆಯಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಮನೆಯಲ್ಲಿ ಸ್ವಂತ ಗಣಕವನ್ನು ಸರ್ವರ್ ಮಾಡಿಕೊಳ್ಳುವುದು ಜಾಣತನವಲ್ಲ. ಮನೆಯಲ್ಲಿ ಇದನ್ನು ಬಲ್ಲವರಿದ್ದು, ಅವರು ಊರಿನಲ್ಲೇ ಉಳಿಯುವವರಾದರೆ ಮಾತ್ರ ಈ ದಾರಿ.

ಮೂರನೆಯದು, ಈಗಾಗಲೇ ಕೈಯಲ್ಲಿರುವುದು. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಗಿರಾಕಿಗಳಿಗೆ ‘ಹೊಸಬರು’, ‘ಮುಂಗಡ ಕೊಟ್ಟವರು’ ಎಂದು ಚೀಟಿ ಅಂಟಿಸಬಹುದು. ಪದೇ ಪದೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ ಇಡಬಹುದು. ಬೆಂಗಳೂರಿನಲ್ಲೇ ಹುಟ್ಟಿದ ಖಾತಾಬುಕ್, ಓಕೆಕ್ರೆಡಿಟ್‌ಗಳು ಉದ್ರಿಯ ಲೆಕ್ಕಕ್ಕೆ ಅನುಕೂಲ. ಇವೆಲ್ಲಕ್ಕಿಂತ ಹಳೆಯದು, ಗಣಕದ ಲೆಕ್ಕದ ಹಾಳೆ, ಅಂದರೆ ಸ್ಪ್ರೆಡ್‌ಶೀಟ್. ಒಬ್ಬರೇ ನೋಡಿಕೊಳ್ಳುವ ಕಸುಬಿಗೆ, ಐದಾರು ಕಂಬಸಾಲುಗಳ ಒಂದು ಹಾಳೆ ಅನೇಕ ವೇಳೆ ಸಾಕೇ ಸಾಕು.

ಮೊದಲು ಕಾಗದ, ಆಮೇಲೆ ಗಣಕ

ಆಯ್ಕೆಗೆ ಕುಳಿತವರು ಮಾಡುವ ಮೊದಲ ತಪ್ಪು, ತಂತ್ರಾಂಶಗಳ ಸೌಲಭ್ಯಗಳ ಪಟ್ಟಿಯನ್ನು ಹೋಲಿಸುವುದು. ಒಂದರಲ್ಲಿ ನಲವತ್ತು, ಇನ್ನೊಂದರಲ್ಲಿ ಅರವತ್ತು. ಅರವತ್ತೇ ಮೇಲು ಎನಿಸುತ್ತದೆ. ಅವುಗಳಲ್ಲಿ ಮನೆಗೆ ಬೇಕಾದವು ನಾಲ್ಕೇ ಇರಬಹುದು. ಆದ್ದರಿಂದ ಗಣಕವನ್ನು ಮುಟ್ಟುವ ಮುನ್ನ ತಾಯಿ-ತಂದೆಯರನ್ನು ಕೂರಿಸಿಕೊಂಡು, ಈ ಪುಸ್ತಕ ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂದು ಕಾಗದದ ಮೇಲೆ ಬರೆಯಬೇಕು.

ಹೆಬ್ಬೆಯ ಹತ್ತಿರದ ಹೋಂಸ್ಟೇಯೊಂದರ ಪ್ರಶ್ನೆಗಳು ಹೀಗಿರಬಹುದು. ಜಲಪಾತದ ದಾರಿ ನಾಳೆ ಬಂದ್ ಎಂದು ಸುದ್ದಿ ಬಂದರೆ, ಈ ಶನಿವಾರ ಬರುವವರೆಲ್ಲರ ಫೋನ್ ಸಂಖ್ಯೆ ಒಂದು ನಿಮಿಷದಲ್ಲಿ ಸಿಗುತ್ತದೆಯೇ? ವಿಚಾರಿಸಿ ಸುಮ್ಮನಾದವರಲ್ಲಿ ಯಾರಿಗೆ ಇನ್ನೂ ಉತ್ತರ ಹೇಳಿಲ್ಲ? ಹಿಂದಿನ ಎರಡು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂದವರು ಯಾರು? ಅಡಿಕೆ ಸಸಿ ಮಾರುವ ತರೀಕೆರೆಯ ನರ್ಸರಿಗೆ, ತೆಂಗಿನಕಾಯಿ ಕಳಿಸುವ ಕಡೂರಿನ ಮಂಡಿಗೆ, ಅಜ್ಜಂಪುರದ ಹೊಲಿಗೆ ಅಂಗಡಿಗೆ ಪ್ರಶ್ನೆಗಳು ಬೇರೆ. ಪ್ರಶ್ನೆ ಬೇರೆಯಾದರೆ ತಂತ್ರಾಂಶವೂ ಬೇರೆಯಾಗುತ್ತದೆ. ನೆರೆಮನೆಯವರು ಬಳಸುತ್ತಾರೆ ಎಂಬುದು ಕಾರಣವಾಗದು.

ಪ್ರಶ್ನೆಗಳು ಸಿದ್ಧವಾದ ಮೇಲೆ ಎರಡು ಮೂರು ತಂತ್ರಾಂಶಗಳನ್ನು ಆರಿಸಿಕೊಂಡು ಪ್ರಯೋಗ ಮಾಡಬೇಕು. ವಿಜ್ಞಾನದ ಪ್ರಯೋಗದಂತೆಯೇ, ಎಲ್ಲಕ್ಕೂ ಒಂದೇ ಸಾಮಗ್ರಿ ಇರಲಿ: ಕಲ್ಪಿತ ಹೆಸರು, ಕಲ್ಪಿತ ಸಂಖ್ಯೆಗಳ ಹತ್ತು ಗಿರಾಕಿಗಳು. ನಿಜವಾದ ಗಿರಾಕಿಗಳ ವಿವರವನ್ನು ಪ್ರಯೋಗಕ್ಕೆ ಹಾಕಬಾರದು. ನಂತರ ಈ ಪರೀಕ್ಷೆಗಳು.

ಒಂದು, ಕನ್ನಡದ ಪರೀಕ್ಷೆ. ಹತ್ತರಲ್ಲಿ ಐದು ಹೆಸರುಗಳನ್ನು ಕನ್ನಡದಲ್ಲೇ ಬರೆದು, ಮತ್ತೆ ಹುಡುಕಿ ನೋಡಬೇಕು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಿಂದಲೇ 128 ಸ್ಥಾನಗಳ ಜಾಗವಿದೆ. ಇಂದಿನ ತಂತ್ರಾಂಶ ಕನ್ನಡವನ್ನು ತೋರಿಸದೆ ಇರಲು ನೆಪವಿಲ್ಲ. ಅಮ್ಮನಿಗೆ ಇಂಗ್ಲಿಷಿನಲ್ಲಿ ಬರೆಯುವುದು ತ್ರಾಸವಾದರೆ ಪುಸ್ತಕ ಖಾಲಿಯೇ ಉಳಿಯುತ್ತದೆ.

ಎರಡು, ಸಿಗ್ನಲ್ ಪರೀಕ್ಷೆ. ಗುಡ್ಡದ ತಿರುವಿನಲ್ಲಿ ಫೋನಿನ ಸಿಗ್ನಲ್ ಮಾಯವಾಗುವುದು ಮಲೆನಾಡಿನವರಿಗೆ ಹೊಸದಲ್ಲ. ಇಂಟರ್‌ನೆಟ್ ನಿಲ್ಲಿಸಿ, ಗಿರಾಕಿಯ ಸಂಖ್ಯೆ ಕಾಣುತ್ತದೆಯೇ, ಹೊಸ ಹೆಸರು ಬರೆಯಬಹುದೇ, ಸಂಪರ್ಕ ಮರಳಿದಾಗ ಅದು ಸರಿಯಾಗಿ ಸೇರುತ್ತದೆಯೇ ಎಂದು ನೋಡಬೇಕು.

ಮೂರು, ಕೈಗಳ ಪರೀಕ್ಷೆ. ತಂತ್ರಾಂಶವನ್ನು ದಿನವೂ ಬಳಸುವವರು ಯಾರೋ ಅವರ ಕೈಗೇ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಬೇಕು. ಒಂದು ಹೆಸರು ಬರೆಯಲು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅದು ಒಂದು ವಾರದಲ್ಲಿ ಮೂಲೆ ಸೇರುವುದು ಖಂಡಿತ.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಬಾಗಿಲಿನ ಪರೀಕ್ಷೆ. ತುಂಬಿಸಿದ ಹತ್ತೂ ಹೆಸರುಗಳನ್ನು ಹೊರಕ್ಕೆ ತೆಗೆಯಬೇಕು. ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಉಚಿತ ಆವೃತ್ತಿಯಲ್ಲೂ ಇದೆಯೇ, ಅಥವಾ ಹಣ ಕೊಟ್ಟವರಿಗೆ ಮಾತ್ರವೇ? ಹೊರಬಂದ ಕಡತವನ್ನು ಲೆಕ್ಕದ ಹಾಳೆಯಲ್ಲಿ ತೆರೆದು ನೋಡಬೇಕು. ಇಲ್ಲಿ ಎರಡು ಚಮತ್ಕಾರಗಳು ಕಾಣಸಿಗಬಹುದು. ಕನ್ನಡದ ಹೆಸರುಗಳು ವಿಚಿತ್ರ ಚಿಹ್ನೆಗಳ ಸಾಲಾಗಿ ಕಾಣಬಹುದು. ಕಡತವನ್ನು ಯುಟಿಎಫ್-8 ಎಂದು ಸೂಚಿಸಿ ತೆರೆದರೆ ಸರಿಹೋಗುತ್ತದೆ. 91 ಸೇರಿಸಿ ಬರೆದ ಹನ್ನೆರಡು ಅಂಕಿಯ ಫೋನ್ ಸಂಖ್ಯೆ 9.19ಇ+11 ಎಂಬಂತೆ ಕಾಣಬಹುದು. ಹಾಳೆ ಅದನ್ನು ದೊಡ್ಡ ಸಂಖ್ಯೆಯೆಂದು ತಿಳಿದು ಹತ್ತರ ಘಾತದಲ್ಲಿ ಬರೆದಿದೆ, ಅಷ್ಟೆ. ಆ ಕಂಬಸಾಲನ್ನು ‘ಪಠ್ಯ’ವೆಂದು ಹೇಳಿ ತೆರೆಯಬೇಕು. ಕೊನೆಗೆ, ಯಾವ ದಿನ ಯಾವ ಮಾತಾಯಿತು ಎಂಬ ಟಿಪ್ಪಣಿಗಳೂ ಹೊರಬಂದವೇ ಎಂದು ಪರೀಕ್ಷಿಸಬೇಕು. ಹೆಸರು ಮತ್ತು ಸಂಖ್ಯೆ ಮಾತ್ರ ಬಂದು ಟಿಪ್ಪಣಿಗಳು ಒಳಗೇ ಉಳಿದರೆ, ಖತಾವಣಿಯ ರಟ್ಟು ಬಂದು ಹಾಳೆಗಳು ಅಲ್ಲೇ ಉಳಿದಂತಾಯಿತು.

ಈ ನಾಲ್ಕನೆಯ ಪರೀಕ್ಷೆಯಲ್ಲಿ ಸೋತ ತಂತ್ರಾಂಶವನ್ನು, ಉಳಿದ ಮೂರರಲ್ಲಿ ಎಷ್ಟೇ ಅಂಕ ಪಡೆದಿದ್ದರೂ, ಬಿಟ್ಟುಬಿಡುವುದೇ ಮೇಲು. ಕಂಪನಿಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ, ಮಿತಿ ಬಿಗಿಯುತ್ತವೆ. ಒಂದು ಕಾಲಕ್ಕೆ ಸಣ್ಣ ವ್ಯಾಪಾರಿಗಳ ಮೆಚ್ಚಿನ ಸೇವೆಯಾಗಿದ್ದ ಅಮೆರಿಕದ ಹೈರೈಸ್ 2018ರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಇಂಥ ದಿನ ಯಾವ ಸೇವೆಗೆ ಬರುತ್ತದೆಂದು ಮುಂದಾಗಿ ಹೇಳಲಾಗದು. ಹೊರಬಾಗಿಲು ತೆರೆದಿದ್ದರೆ ಬಂದ ದಿನ ಗಾಬರಿಯಿಲ್ಲ.

ಗಿರಾಕಿಯ ಗುಟ್ಟು

ಇನ್ನೊಂದು ವಿಷಯವನ್ನು ಪೋಷಕರು ಮರೆಯಬಾರದು. ಪುಸ್ತಕ ವ್ಯಾಪಾರಿಯದಾದರೂ ಅದರಲ್ಲಿರುವ ವಿವರ ಗಿರಾಕಿಯದು. 2023ರ ಆಗಸ್ಟ್‌ನಲ್ಲಿ ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಾಯ್ದೆಯ ತಿರುಳು ನಮ್ಮ ಹಿರಿಯರ ನಡವಳಿಕೆಗಿಂತ ಬೇರೆಯಲ್ಲ: ಯಾವ ಕೆಲಸಕ್ಕೆಂದು ಕೇಳಿ ಪಡೆದೆವೋ ಆ ಕೆಲಸಕ್ಕೇ ಬಳಸಬೇಕು, ಬೇಕಾದಷ್ಟನ್ನೇ ಪಡೆಯಬೇಕು, ಜೋಪಾನ ಮಾಡಬೇಕು.

ಅತಿಥಿಗಳು ಗುರುತಿಗೆಂದು ಕೊಡುವ ಆಧಾರ್ ಚೀಟಿಯ ಚಿತ್ರವನ್ನು ಇಂಥ ಉಚಿತ ತಂತ್ರಾಂಶದೊಳಕ್ಕೆ ತುಂಬುವುದು ಬೇಡ. ‘ಇವರಿಗೆ ಸಕ್ಕರೆ ಕಾಯಿಲೆ’ ಎಂದು ಬರೆಯುವ ಬದಲು ‘ಕಾಫಿಗೆ ಸಕ್ಕರೆ ಬೇಡ’ ಎಂದು ಬರೆದರೆ ಕೆಲಸವೂ ಆಯಿತು, ಗುಟ್ಟೂ ಉಳಿಯಿತು. ಒಪ್ಪದವರಿಗೆ ಹಬ್ಬಹಬ್ಬಕ್ಕೂ ಸಂದೇಶ ಕಳಿಸುವುದು ಸಂಬಂಧವನ್ನು ಬೆಳೆಸುವುದಿಲ್ಲ, ಕೆಡಿಸುತ್ತದೆ.

ಯಾರಿಗೆ ಯಾವುದು?

ಒಬ್ಬರೇ ನೋಡಿಕೊಳ್ಳುವ, ಇನ್ನೂರು ಮುನ್ನೂರು ಗಿರಾಕಿಗಳ ಕಸುಬಿಗೆ ಲೆಕ್ಕದ ಹಾಳೆ ಮತ್ತು ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ತಂದೆ ತೋಟದಲ್ಲಿ, ತಾಯಿ ಮನೆಯಲ್ಲಿ, ಅಣ್ಣ ತರೀಕೆರೆಯಲ್ಲಿ ಇದ್ದು ಮೂವರೂ ಅದೇ ಗಿರಾಕಿಗಳಿಗೆ ಉತ್ತರ ಹೇಳುವಂತಿದ್ದರೆ ಕಂಪನಿಯೊಂದರ ಉಚಿತ ಆವೃತ್ತಿ ಅನುಕೂಲ. ಇಲ್ಲವಾದರೆ ಒಂದೇ ಕೋಣೆಯನ್ನು ಇಬ್ಬರಿಗೆ ಒಪ್ಪಿಕೊಂಡ ಪ್ರಸಂಗ ಬರುತ್ತದೆ. ವ್ಯಾಪಾರ ಇನ್ನೂ ದೊಡ್ಡದಾಗಿ, ಗಣಕ ಬಲ್ಲವರು ಊರಲ್ಲೇ ಇದ್ದರೆ ಮುಕ್ತ ತಂತ್ರಾಂಶದ ವಿಚಾರ ಮಾಡಬಹುದು. ಮೂರರಲ್ಲಿ ಯಾವುದನ್ನು ಹಿಡಿದರೂ, ಕೆಳಗಿನ ಹಂತದಿಂದ ಆರಂಭಿಸಿ ಅಗತ್ಯ ಬಿದ್ದಾಗ ಮೇಲೇರುವುದು ಕ್ಷೇಮ.

ಖಾತೆಯನ್ನು ತೆರೆಯುವಾಗ ಕೊಡುವ ಇ-ಮೇಲ್ ಯಾರದೆಂಬುದನ್ನೂ ಯೋಚಿಸಬೇಕು. ವಿದ್ಯಾರ್ಥಿ ತನ್ನ ಕಾಲೇಜಿನ ಇ-ಮೇಲಿನಿಂದ ಖಾತೆ ತೆರೆದು, ಓದು ಮುಗಿದ ಮೇಲೆ ಕಾಲೇಜು ಅದನ್ನು ನಿಲ್ಲಿಸಿದರೆ, ಗುಪ್ತಪದ ಮರೆತ ದಿನ ಮನೆಯವರಿಗೆ ತಮ್ಮ ಪುಸ್ತಕವೇ ತೆರೆಯದು. ಹೋಂಸ್ಟೇಯ ಹೆಸರಿನಲ್ಲೇ ಒಂದು ಇ-ಮೇಲ್ ಮಾಡಿ, ಅದಕ್ಕೆ ತಂದೆಯ ಅಥವಾ ತಾಯಿಯ ಫೋನ್ ಸಂಖ್ಯೆಯನ್ನು ಜೋಡಿಸಿ, ಗುಪ್ತಪದವನ್ನು ಬರೆದು ಮನೆಯ ಪತ್ರಗಳ ಜತೆ ಬೀರುವಿನಲ್ಲಿಡಬೇಕು. ಮಗಳು ನಾಳೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೂ ಮನೆಯ ವ್ಯವಹಾರ ಅವಳ ಜತೆ ಹೋಗಬಾರದು.

ದೀಪಾವಳಿಯಲ್ಲಿ ಲಕ್ಷ್ಮೀಪೂಜೆಯಂದು ಹೊಸ ಲೆಕ್ಕದ ಪುಸ್ತಕ ತೆರೆಯುವ ಪದ್ಧತಿ ನಮ್ಮ ಅಂಗಡಿಗಳಲ್ಲಿ ಇಂದಿಗೂ ಇದೆ. ಹಳೆಯ ಪುಸ್ತಕವನ್ನು ಯಾರೂ ಎಸೆಯುವುದಿಲ್ಲ. ಕಟ್ಟಿ ಅಟ್ಟದ ಮೇಲಿಡುತ್ತಾರೆ. ಗಣಕದ ಪುಸ್ತಕಕ್ಕೂ ಇದೇ ಕ್ರಮ ಇರಲಿ. ಆದರೆ ವರ್ಷಕ್ಕೊಮ್ಮೆ ಸಾಲದು. ಪ್ರತಿ ತಿಂಗಳ ಮೊದಲ ದಿನ ಎಲ್ಲ ವಿವರವನ್ನೂ ಹೊರತೆಗೆದು, ತಾರೀಖು ಬರೆದು, ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬೇಕು. ಐದು ನಿಮಿಷದ ಕೆಲಸ. ಮನೆಯ ಶಾಲಾ ಬಾಲಕನೂ ಮಾಡಬಲ್ಲ.